ಮೊದಲು ಪೈಪು ನೋಡು

ನೈಟ್ ಡ್ಯೂಟಿ ಮುಗಿಸಿ ಬಂದು ಚಪ್ಪಲಿ ಬಿಡುವ ಮೊದಲೇ
ಕೇಳಿತು, ಟೀಂ ಟೀಂ ಅಂತ ಮೂರು ಸಲ,
ಆಮೇಲೆ ಉಸಿರು ಹಿಡಿದ ಹಾಗೆ ಸುಮ್ಮನೆ.
ವಾರ್ಡಿನ ಮಾನಿಟರು ನನ್ನ ಹಿಂದೆಯೇ ಬಸ್ಸು ಹತ್ತಿ
ಸಾಲಗಾಮೆ ರಸ್ತೆಯಲ್ಲಿ ಇಳಿದು ಬಂತೇ ಅಂದುಕೊಂಡೆ.

ಅಲ್ಲ. ಪಾತ್ರೆ ತೊಳೆಯುವ ಮಿಷಿನ್ನು.
ಬಾಗಿಲು ತೆಗೆದರೆ ತಳದಲ್ಲಿ ನಾಲ್ಕು ಬೆರಳು ನೀರು,
ಅವರೆಕಾಳು ಸಾರಿನ ಬಣ್ಣ,
ಮೇಲೆ ಎಣ್ಣೆಯ ಕಣ್ಣು, ಒಂದು ಕರಿಬೇವು.
ಪುಟ್ಟ ಪರದೆಯಲ್ಲಿ ಇ ಇಪ್ಪತ್ತನಾಲ್ಕು.

ಕೈ ಕಾರಣಕ್ಕೆ ಕೊಂಡಿದ್ದು ಇದನ್ನು.
ದಿನಕ್ಕೆ ಅರವತ್ತು ಸಲ ಸ್ಪಿರಿಟ್ಟು ಕಂಡ ಚರ್ಮ
ಮನೆಯ ಪಾತ್ರೆ ಸೋಪಿಗೂ ಸಿಕ್ಕು ಬಿರಿದು,
ಕಳೆದ ಚಳಿಗಾಲ ರೋಗಿಯೇ ಕೇಳಿದ್ದರು:
‘ಸಿಸ್ಟರ್, ನಿಮ್ಗೇನಾಗಿದೆ?’
ಹದಿನೆಂಟು ಕಂತು. ಇನ್ನೂ ಏಳು ಬಾಕಿ.

ಸದ್ದಿಗೆ ಕೆಳಗಿನಿಂದ ಜವರಪ್ಪನವರು ಹತ್ತಿ ಬಂದರು,
ಮನೆ ಓನರ್ರು, ಬಸ್ ಡಿಪೋದಲ್ಲಿ ಮೂವತ್ತು ವರ್ಷ ಸ್ಟೋರ್ ಕೀಪರ್ರು,
ಸ್ಪ್ಯಾನರು ಹಿಡಿಯದಿದ್ದರೂ ಅದರ ನಂಬರೆಲ್ಲ ಬಲ್ಲವರು.
‘ಮೋಟ್ರು ಹೋಗೈತೆ ಕಣವ್ವ. ಮೈಸೂರಿಂದ ಕರೆಸ್ಬೇಕು.
ಇವೆಲ್ಲ ಸೀಮೆ ಮಿಷಿನ್ನು, ಮುದ್ದೆ ಪಾತ್ರೆಗೆ ಮಾಡಿದ್ದಲ್ಲ.’
ಚೌಕಟ್ಟಿಗೆ ಒರಗಿ ನಿಂತರು, ಕಾಫಿ ಸಿಗುವ ಭರವಸೆಯಲ್ಲಿ.

ನಾನು ಪ್ಲಗ್ಗು ಕಿತ್ತೆ.
ಚೊಂಬಿನಲ್ಲಿ ಮೊಗೆದೆ, ಆಮೇಲೆ ಲೋಟದಲ್ಲಿ,
ಆಮೇಲೆ ಹಳೇ ಟವೆಲ್ಲಿಗೆ ಹೀರಿಸಿ ಹಿಂಡಿದೆ.
ಜರಡಿ ತಿರುಗಿಸಿ ಎತ್ತಿದರೆ
ಅವರೆಕಾಳಿನ ಸಿಪ್ಪೆ, ಸಿಪ್ಪೆ, ಮತ್ತೆ ಸಿಪ್ಪೆ,
ಉಗುರಿನ ಹಾಗೆ ತೆಳ್ಳಗೆ,
ಉಪ್ಪಿನಕಾಯಿ ಬಾಟಲಿಯ ಅರ್ಧ ಚೀಟಿ.
‘ನೋಡ್ದಾ’ ಅಂದರು, ತಾವೇ ಹುಡುಕಿದ ಹಾಗೆ.
ಗುಂಡಿಗೆ ಬೆರಳು ಬಿಟ್ಟು ಪಂಪಿನ ರೆಕ್ಕೆ ತಳ್ಳಿದೆ.
ತಡೆದು ತಡೆದು, ಆದರೂ ತಿರುಗಿತು.
ಮೋಟರು ಹೋಗಿಲ್ಲ.
ಪ್ಲಗ್ಗು ಹಾಕಿ, ಎರಡು ಚೊಂಬು ನೀರು ಹುಯ್ದು, ಸ್ವಿಚ್ಚು ಒತ್ತಿದೆ.
ಗುಂಯ್ ಅಂತು. ನೀರು ಅಲ್ಲಾಡಿತು.
ಇಳಿಯಲಿಲ್ಲ.

ರಾತ್ರಿ ಎರಡು ಗಂಟೆಗೆ ಏಳನೇ ಬೆಡ್ಡು,
ದುದ್ದದ ಕೆಂಚಮ್ಮ. ಕಿಬ್ಬೊಟ್ಟೆ ಉಬ್ಬಿ ನರಳಾಟ, ಮೂತ್ರದ ಚೀಲ ಖಾಲಿ.
ದೊಡ್ಡ ಡಾಕ್ಟರನ್ನು ಕರೆಸಿ ಅಂತ ಮಗಳು ಅತ್ತಳು.
ನಾನು ಹೊದಿಕೆ ಎತ್ತಿ ತೊಡೆ ಸರಿಸಿದೆ, ಅಷ್ಟೇ.
ಅಡಿಯಲ್ಲಿ ಮಡಚಿಕೊಂಡಿತ್ತು.
ಚೀಲ ತುಂಬುವಾಗ ಕಣ್ಣು ಮುಚ್ಚಿ
‘ನಿನ್ ಹೊಟ್ಟೆ ತಣ್ಗಿರ್ಲಿ ಕಣ್ ಮಗಾ’ ಅಂತು ಅಜ್ಜಿ.
ಟ್ರೈನಿಂಗಿನ ಮೊದಲ ವರ್ಷ ಮೇಟ್ರನ್ ಸೆಲಿನ್ ಬೈದು ಕಲಿಸಿದ್ದು:
ಕಾಯಿಲೆ ಆಮೇಲೆ. ಮೊದಲು ಪೈಪು ನೋಡು.

ಮಿಷಿನ್ನು ಮುಂದಕ್ಕೆಳೆದು ಹಿಂದೆ ಟಾರ್ಚು ಹಾಕಿದೆ.
ಬೂದು ಬಣ್ಣದ ಪೈಪು ಗೋಡೆಯ ತೂತಿನಿಂದ ಬಾಲ್ಕನಿಗೆ ಹೋಗಿ
ಅಲ್ಲಿ,
ಐವತ್ತು ಕೆಜಿ ಆಲೂಗಡ್ಡೆ ಮೂಟೆಯ ಕೆಳಗೆ
ಚಪಾತಿಯಾಗಿ ಮಲಗಿತ್ತು.
ಜವರಪ್ಪನವರ ಮೂಟೆ. ಕೆಳಗೆ ಇಲಿ ಕಾಟ ಅಂತ
ನಾನಿಲ್ಲದಾಗ ತಂದು ಇಳಿಸಿದ್ದು.

ಮೂಟೆ ನೋಡಿದರು. ನನ್ನನ್ನು ನೋಡಿದರು.
‘ಬೀಗ್ರು ಕಳ್ಸಿದ್ದು ಕಣವ್ವ,’
ತಪ್ಪು ಬೀಗರದೇ ಎಂಬ ಹಾಗೆ.

ಇಬ್ಬರೂ ಹಿಡಿದು ಎಳೆದೆವು.
ಚಪ್ಪಟೆಯಾದದ್ದನ್ನು ಒತ್ತಿ ಒತ್ತಿ ದುಂಡಗೆ ಮಾಡಿದೆ.
ಮತ್ತೆ ಸ್ವಿಚ್ಚು.
ಗೊಳ, ಗೊಳಗೊಳ, ಗೊಳಗೊಳಗೊಳ.
ಜವರಪ್ಪನವರು ತೊಡೆ ತಟ್ಟಿಕೊಂಡು ನಕ್ಕರು.

ನಾನೂ ನಗಬೇಕಿತ್ತು.
ನಾಲ್ಕು ಗಂಟೆಗೆ ಹನ್ನೊಂದನೇ ಬೆಡ್ಡಿನ ಹುಡುಗನಿಗೂ
ಹೀಗೇ ಹೊದಿಕೆ ಎತ್ತಿದ್ದೆ.
ಪೈಪು ನೆಟ್ಟಗಿತ್ತು.
ಮೇಲಿಂದ ಕೆಳಗೆ ಬೆರಳಾಡಿಸಿದೆ, ಮತ್ತೆ ಕೆಳಗಿಂದ ಮೇಲೆ,
ಎಲ್ಲಾದರೂ ಒಂದು ಮಡಿಕೆ ಸಿಗಲಿ ಅಂತ.

ನೀರು ಪೂರ್ತಿ ಇಳಿಯುವವರೆಗೂ ನಿಂತಿದ್ದೆ.
ಕೊನೆಯ ಗುಟುಕು ಹೀರಿ ಮಿಷಿನ್ನು ತೇಗಿದ ಮೇಲೆ
ಇಬ್ಬರಿಗೂ ಕಾಫಿ ಇಟ್ಟೆ.
ಜವರಪ್ಪನವರು ಕುಡಿದ ಲೋಟ ತಾವೇ ತೊಳೆದು
ಸಿಂಕಿನ ಪಕ್ಕ ಆರು ಆಲೂಗಡ್ಡೆ ಇಟ್ಟು ಹೋದರು.