ಗೆರೆ ಹಳ್ಳದ ತನಕ

ಕಾಡು ಬಾ ಅನ್ನುವ ವಯಸ್ಸಿನಲ್ಲಿ
ನನಗೆ ಊರು ಬಾ ಅಂದಿತು.
ಬಾ ಅಂದಿತು ಅಂದರೆ ತಪ್ಪು;
ನಾನು ಕೂತಲ್ಲಿಗೇ ತಾನೇ ಬಂತು,
ರಿಜಿಸ್ಟರ್ಡ್ ಟಪಾಲಿನಲ್ಲಿ, ನಾಲ್ಕು ಮಡಿಕೆಯ ನಕ್ಷೆಯಾಗಿ.
ಪೀಕಾನ್ ಬೆಂಡಿನ ಇನ್ನೂರ ಹನ್ನೊಂದು ಮನೆಗಳ ಸುತ್ತ
ಯಾರೋ ಹಳದಿ ಪೆನ್ನು ಆಡಿಸಿದ್ದರು.

ಇಪ್ಪತ್ತೆಂಟು ವರ್ಷ ಇಲ್ಲಿ
ಶಾಲೆಯ ಬಸ್ಸು ಓಡಿಸಿದವಳು ನಾನು.
ಬೀದಿಗಳಿಗೆ ಬೇರೆ ಹೆಸರು ನನಗೆ ಬೇಕಿರಲಿಲ್ಲ:
ವಾಂತಿ ಮಾಡುವ ಹುಡುಗನ ತಿರುವು,
ಒಂದೊಂದೇ ಷೂ ಹಾಕಿಕೊಂಡು ಓಡಿಬರುವ ಅಕ್ಕತಂಗಿಯರ ಗೇಟು,
ನಾಯಿ ಬೆನ್ನಟ್ಟುವ ಇಳಿಜಾರು.
ಊರಿನಲ್ಲಿ ಆಗಲೇ ಒಂದು ಓಕ್ ಬೀದಿ ಇದೆಯಂತೆ,
ಆದ್ದರಿಂದ ನಮ್ಮದು ಇರಕೂಡದಂತೆ.

ನಾವೂ ಸುಮ್ಮನಿರಲಿಲ್ಲ.
ಡೆಲ್ಮರ್ ಹಕ್‌ಬಿಯ ಗ್ಯಾರೇಜಿನಲ್ಲಿ ಸೇರಿ
ಪ್ಲೈವುಡ್ಡಿನ ಮೇಲೆ ಕೆಂಪಗೆ ಬೇಡ ಎಂದು ಬರೆದೆವು.
ಮೊಸರಿನಲ್ಲಿ ಕಲ್ಲು ಹುಡುಕುವುದರಲ್ಲಿ
ನಮ್ಮನ್ನು ಮೀರಿಸುವವರಿರಲಿಲ್ಲ:
ತೆರಿಗೆ ಏರುತ್ತದೆ, ಎಲೆ ಸುಡುವಂತಿಲ್ಲ,
ಕೋಳಿ ಆರಕ್ಕಿಂತ ಹೆಚ್ಚು ಸಾಕುವಂತಿಲ್ಲ.
ನನ್ನವು ಒಂಬತ್ತು. ಯಾವ ಮೂರು, ಸ್ವಾಮಿ?
ದೀಪದ ಕಂಬ ಬಂದರೆ ಚುಕ್ಕಿ ಕಾಣವು, ಅಂದ ಡೆಲ್ಮರ್.
ಟಿವಿಯ ಡಿಶ್ ತಿರುಗಿಸುವಾಗ ಬಿಟ್ಟರೆ
ಅವನು ಕತ್ತೆತ್ತಿದ್ದನ್ನು ನಾನು ಕಂಡಿಲ್ಲ.

ಸಭೆಯಲ್ಲಿ ತಲೆಗೆ ಮೂರು ನಿಮಿಷ.
ಮೈಕಿನ ಪಕ್ಕದಲ್ಲಿ ಹಸಿರು, ಹಳದಿ, ಕೆಂಪು, ಪುಟ್ಟ ಪುಟ್ಟ ದೀಪ.
ಕೆಂಪಿಗೆ ನಿಲ್ಲುವುದು ನನ್ನ ಕಾಲಿನ ಚಾಳಿ;
ವಾಕ್ಯದ ನಡುವೆಯೇ ನಿಂತುಬಿಟ್ಟೆ.

ನನ್ನ ನಂತರ ಎದ್ದವಳು ಒರ್ತೆನ್ಸಿಯಾ ಬರ್ರೇರಾ,
ಹಳ್ಳದಾಚೆಯ ಲಾಸ್ ನೋಪಾಲೆಸ್‌ನವಳು.
ಆಸ್ಪತ್ರೆಯ ಅಡುಗೆಮನೆಯಿಂದ ಏಪ್ರನ್ನಿನಲ್ಲೇ ಬಂದಿದ್ದಳು.
ಅವಳ ಮೂವರು ಮಕ್ಕಳೂ ನನ್ನ ಬಸ್ಸಿನವರು,
ಕೊನೆಯ ನಿಲ್ದಾಣ, ಟಾರು ಮುಗಿದು ಅರ್ಧ ಮೈಲಿ.
ಗಾಜಿನ ಬಾಟಲಿಯೊಂದನ್ನು ಮೇಯರ್ ಮುಂದೆ ಇಟ್ಟಳು:
ಅವಳ ಬಾವಿಯ ನೀರು,
ಚಹಾದ ಬಣ್ಣ.
ಹತ್ತೊಂಬತ್ತು ವರ್ಷದಿಂದ ಅರ್ಜಿ ಹಾಕುತ್ತಿದ್ದೇವೆ.
ಇವರು ಬೇಡ ಅನ್ನುತ್ತಿದ್ದಾರಲ್ಲ,
ಅದನ್ನು ನಮಗೆ ಕೊಡಿ.
ಅಷ್ಟೇ ಅಂದಳು. ಹಸಿರು ದೀಪ ಇನ್ನೂ ಹಸಿರೇ ಇತ್ತು.

ನೀವು ಈ ನಕ್ಷೆಯಲ್ಲಿ ಇಲ್ಲ, ಅಂದರು ಮೇಯರ್,
ಮೆತ್ತಗೆ, ತಪ್ಪು ಬಸ್ಸು ಹತ್ತಿದವರಿಗೆ ಹೇಳುವ ಹಾಗೆ.

ಮನೆಗೆ ಬಂದು ಮಡಿಕೆ ಬಿಡಿಸಿದೆ.
ಹಳದಿ ಗೆರೆ ಹೆದ್ದಾರಿಯುದ್ದಕ್ಕೂ ನಾಲಗೆ ಚಾಚಿ
ಒಂದು ಟೈರ್ ಅಂಗಡಿ, ಎರಡು ಪೆಟ್ರೋಲ್ ಬಂಕು ನೆಕ್ಕಿ,
ನಮ್ಮನ್ನು ಬಾಚಿಕೊಂಡು,
ಹಳ್ಳದ ತನಕ ಬಂದು
ಅಲ್ಲಿ
ನೀರು ಕಂಡ ಬೆಕ್ಕಿನಂತೆ ಹಿಂದೆ ಸರಿದಿತ್ತು.
ಎಷ್ಟು ಸಲ ನೋಡಿದ್ದೆ ಅದನ್ನು!
ನನ್ನ ಮನೆಯನ್ನಷ್ಟೇ ನೋಡಿದ್ದೆ.

ಐದಕ್ಕೆ ಎರಡು ವೋಟು. ಜನವರಿಯಲ್ಲಿ
ಬ್ರಾಂಟ್ಲಿ, ಟೆಕ್ಸಾಸ್ ಎಂಬ ಹಸಿರು ಫಲಕ
ನನ್ನ ಅಂಚೆಪೆಟ್ಟಿಗೆಯನ್ನು ದಾಟಿಹೋಗಿ
ಹಳ್ಳದ ದಂಡೆಯ ಮೇಲೆ ನಿಂತಿತು.
ನಲ್ಲಿ ಬಂತು. ನೀರು ರುಚಿಯಾಗಿದೆ,
ಡೆಲ್ಮರ್‌ಗೆ ಹೇಳಬೇಡಿ.
ಕೋಳಿ ಎಣಿಸಲು ಇನ್ನೂ ಯಾರೂ ಬಂದಿಲ್ಲ.

ಶನಿವಾರ ಸಂಜೆ ಒರ್ತೆನ್ಸಿಯಾಳ ಪಿಕಪ್
ನನ್ನ ಹಿತ್ತಲಿಗೆ ಹಿಮ್ಮುಖವಾಗಿ ಬರುತ್ತದೆ,
ನಾಲ್ಕು ನೀಲಿ ಪೀಪಾಯಿ.
ಅವಳಿಗೆ ರಿವರ್ಸ್ ಸರಿಯಾಗಿ ಬಾರದು.
ನಾನೇ ನಿಂತು ಕೈ ಮಾಡುತ್ತೇನೆ:
ಬಾ, ಬಾ, ಇನ್ನೂ ಬಾ.

ಸರಹದ್ದಿನಾಚೆ ನೀರು ಕೊಡುವುದು ಅಪರಾಧ,
ಬಿಲ್ಲಿನ ಹಿಂಬದಿಯಲ್ಲಿ ಇರುವೆಯಷ್ಟು ಅಕ್ಷರದಲ್ಲಿದೆ.
ಮುಂಬದಿಯಲ್ಲಿ ಎಂಟುನೂರು ಗ್ಯಾಲನ್ ಹೆಚ್ಚು.
ಕೌಂಟರಿನಲ್ಲಿ ಆ ವಾಂತಿ ಮಾಡುವ ಹುಡುಗ,
ಈಗ ಟೈ ಕಟ್ಟಿದ್ದಾನೆ.
ಎಲ್ಲೋ ಸೋರುತ್ತಿರಬೇಕು, ಮಿಸ್ ಆರ್ಡಿತ್, ಅಂದ.
ಇರಬಹುದಪ್ಪ.
ಎಲ್ಲಿ ಅಂತ ಅಂದಾಜು?
ಹಳ್ಳದ ಹತ್ತಿರ, ಅಂದೆ.
ನನ್ನನ್ನೇ ಒಂದು ಗಳಿಗೆ ನೋಡಿದ,
ಬಗ್ಗಿ ಏನೋ ಬರೆದುಕೊಂಡ.