ಬೆನ್ನ ಕಡೆಯ ಮರ

ಕಾಳಿ ಸೇತುವೆ ದಾಟಿ ಟೆಂಪೋದಲ್ಲಿ ಬಂದವು
ಎರಡು ಕುರ್ಚಿ, ಗೋಣಿತಾಟು ಹೊದ್ದು,
ಗೋವೆಯ ಯಾವುದೋ ಜಮೀನ್ದಾರರ ಹಜಾರದಿಂದ.
ಕಾಯ್ತಾನ ಹಗ್ಗ ಬಿಚ್ಚಿದ: "ನೋಡು ಗುಡಿಗಾರ,
ವೈಸ್‌ರಾಯ್ ಕೂತ ಕುರ್ಚಿ."
ಅಪ್ಪ ನಕ್ಕ. ಕಾಯ್ತಾನ ತಂದ ಮಂಚದಲ್ಲೆಲ್ಲ
ವೈಸ್‌ರಾಯ್ ಮಲಗಿಯೂ ಇರುತ್ತಾನೆ.

ತೋಳಿನ ತುದಿಗೆ ಸಿಂಹದ ಮುಖ, ಒಂದಕ್ಕೆ ಮೂಗಿಲ್ಲ.
ಚಿನ್ನ ಸುಲಿದಲ್ಲೆಲ್ಲ ಕೆಮ್ಮಣ್ಣು,
ನಮ್ಮ ಗುಡಿಯ ಗೋಡೆಯ ಕಾವಿಯದೇ ಬಣ್ಣ.
"ರೇಕು ತಾನಾಗಿ ಹೊಳೆಯೋದಿಲ್ಲ,
ಅಡಿಗೆ ಮಣ್ಣು ಬೇಕು" ಅಂದ ಅಪ್ಪ.

ಬೆಳಕು ಹರಿಯುವಾಗಲೇ ಕೆಲಸ.
ಬಿಸಿಲೇರಿದರೆ ಬೈತಖೋಲದ ಕಡೆಯಿಂದ ಗಾಳಿ,
ಮೀನಿನ ವಾಸನೆ ಹೊತ್ತು;
ಒಂದು ರೇಕು ಹಾರಿದರೆ ಒಂದು ದಿನದ ಕೂಲಿ.
ಕಿಟಕಿ ಹಾಕಿ, ಫ್ಯಾನು ನಿಲ್ಲಿಸಿ,
ಕುಂಚವನ್ನು ಕೆನ್ನೆಗೊಮ್ಮೆ ಸವರಿ
(ಅಷ್ಟು ಜಿಡ್ಡು ಸಾಕಂತೆ) ಎತ್ತುತ್ತಿದ್ದ.
ನಾನು ನಗಬಾರದು, ಸೀನಬಾರದು.
ಆರನೇ ಇಯತ್ತೆಯ ರಜೆ ಹೀಗೆ ಕಳೆಯಿತು.

ಮೂರನೇ ದಿನ ಕುರ್ಚಿ ತಿರುಗಿಸಿದ.
ಹಿಂದೆ ಚಿನ್ನವೇ ಇಲ್ಲ. ಬರೀ ಮರ,
ಉಳಿಯ ಗೀರು ಹಾಗ್ಹಾಗೇ.
"ಗೋಡೆಗೆ ಕಾಣೋದಕ್ಕೆ ಯಾರು ದುಡ್ಡು ಹಾಕ್ತಾರೆ?"
ಆದರೆ ಮೇಲಿನ ಪಟ್ಟಿಯ ಬಲತುದಿ
ಒಂದಿಷ್ಟು ಸವೆದಿತ್ತು, ಹೊಳೆಕಲ್ಲಿನ ನುಣುಪು.
ಅಪ್ಪನ ಅಂಗೈ ಅದರಲ್ಲಿ ಕೂರಲಿಲ್ಲ.
ನನ್ನ ಕೈ ಹಿಡಿದು ಇಟ್ಟ. ಕೂತಿತು,
ಬೆರಳಿಗೆ ಬೆರಳು.

ಒಂದು ಕೈಲಿ ಬೀಸಣಿಗೆ, ಇನ್ನೊಂದು ಇಲ್ಲಿ,
ತೂಕಡಿಸಿದರೆ ಬೀಳದ ಹಾಗೆ,
ದೊಡ್ಡವರ ಊಟ ಮುಗಿಯುವ ತನಕ,
ಆಮೇಲೆ ಇಸ್ಪೀಟು ಮುಗಿಯುವ ತನಕ.
ಇದೆಲ್ಲ ನಾನು ಆಮೇಲೆ ಕಟ್ಟಿಕೊಂಡದ್ದು.
ಅಪ್ಪ ಅಂದದ್ದಿಷ್ಟೇ: "ಯಾವುದೋ ಮಗು ನಿಂತಿದೆ."
ಮತ್ತೆ ತಿಕ್ಕುವ ಕಲ್ಲು ಹುಡುಕತೊಡಗಿದ.

ಕೊಂಡದ್ದು ಕಾಜುಬಾಗಿನ ಶಾಬಾ ತಳೇಕರ,
ಮಂಗಲ ಕಾರ್ಯಾಲಯಕ್ಕೆ, ವಧೂವರರಿಗೆ.
"ಹಿಂದೆಯೂ ಬಳೀರಿ, ವಿಡಿಯೋದವರು
ಸುತ್ತ ತಿರುಗ್ತಾರೆ."
ಅಪ್ಪ ಬಳಿದ, ಡಬ್ಬಿಯ ಬಂಗಾರ,
ಸವೆದದ್ದನ್ನು ಮಾತ್ರ ಬಿಟ್ಟು.
"ಅಲ್ಲಿ ಬಣ್ಣ ಹಿಡಿಯೋದಿಲ್ಲ" ಅಂದ.
ಅವನ ಬಾಯಲ್ಲಿ ಸುಳ್ಳು ಕೇಳಿದ್ದು
ನನಗೆ ನೆನಪಿರುವ ಹಾಗೆ ಅದೊಂದೇ.

ಮೊನ್ನೆ ಯಾರದೋ ಮದುವೆ ಅಲ್ಲೇ.
ಅಕ್ಷತೆ ಹಾಕಿದವಳು ಇಳಿಯದೆ
ಮದುಮಗಳ ಬೆನ್ನ ಹಿಂದೆ ಹೋದೆ.
ಡಬ್ಬಿಯದು ಕಪ್ಪಾಗಿದೆ. ಮರ ಹಾಗೇ ಇದೆ.
ಕೈ ಇಟ್ಟೆ.
ಈಗ ನನ್ನದೂ ಕೂರುವುದಿಲ್ಲ.
"ಅಕ್ಕಾ, ಫ್ರೇಮಲ್ಲಿ ಬರ್ತಿದ್ದೀರಿ,
ಸ್ವಲ್ಪ ಸರೀರಿ" ಅಂದ ಫೋಟೋದವನು.