ಹಿಂಬದಿಯ ಹೆಸರು

ವಾಸ್ಕೋದ ಈ ಆಶ್ರಮದಾಗ ಅನ್ನಕ್ಕಿಡಾಕಿ ನಾನು.
ಇವತ್ತ ಕಡಲಾಚಿ ಚರ್ಚಿನವರು ಬಂದಾರ, ಹನ್ನೊಂದು ಮಂದಿ,
ಎಲ್ಲಾರಿಗೂ ಒಂದ ನಮೂನಿ ಹಳದಿ ಅಂಗಿ,
ಬಿಸಲಿಗೆ ಮೂಗು ಬ್ಯಾಡಗಿ ಮೆಣಸಿನಕಾಯಿ.

ಗಿಟಾರು ಬಾರಿಸಿದರು. ಗ್ವಾಡಿಗೆ ನೀಲಿ ಬಣ್ಣ ಹಚ್ಚಿದರು,
ಹ್ವಾದ ವರ್ಷದವರು ಹಚ್ಚಿದ ಹಸರಿನ ಮ್ಯಾಲ.

ಮಾರ್ಲೀನ್ ಅಂತ ಒಬ್ಬಾಕಿ
ಮೊಣಕಾಲೂರಿ ಏನೋ ಕೇಳಿದಳು ನೀಲವ್ವನ್ನ.
ಇಂಗ್ಲಿಷಿನಿಂದ ಕೊಂಕಣಿಗೆ ಸಿಸ್ಟರ್ ಎರ್ಮೆಲಿಂಡಾ,
ಕೊಂಕಣಿಯಿಂದ ನಮ್ಮ ಮಾತಿಗೆ ನಾನು:
ನಿನಗೇನ ಬೇಕವ್ವಾ?

ನನ್ನ ಸೆರಗಿನ್ಯಾಗ ಮುಖ ಇಟಗೊಂಡು ಅಂದಳು:
ಆಕಿ ಕೊಳ್ಳಾಗ ಹೆಸರಿನ ಚೀಟಿ ಐತಲ್ಲ, ಅಂಥಾದ್ದು.
ಅವ್ವ ಬಂದ್ರ ಗುರುತು ಸಿಗಬೇಕಲ್ಲ.

ಅವ್ವಗ ಓದಾಕ ಬರತಿದ್ದಿಲ್ಲ.
ಅದನ್ನ ನಾನು ಯಾವ ಭಾಷೆಗೂ ದಾಟಿಸಲಿಲ್ಲ.

ಸಿಸ್ಟರು ಎಷ್ಟು ಹೇಳಿದಳೋ, ಎಷ್ಟು ನುಂಗಿದಳೋ,
ಮಾರ್ಲೀನ್ ಕಣ್ಣು ಒರಸಿಕೊಂಡು
ತನ್ನ ಚೀಟಿನ ಬಿಚ್ಚಿ ಹುಡುಗಿಗೆ ಹಾಕಿದಳು.

ಬಸ್ಸು ಹ್ವಾದ ಮ್ಯಾಲ, ಚಪಾತಿ ಹಿಟ್ಟಿನ ಕೈಲೇ
ಚೀಟಿ ಮಗುಚಿ, ಹಾಲಿನ ಲೆಕ್ಕದ ಪೆನ್ನಿಲೆ ಬರದೆ.
ಮೂರನೇತ್ತೆಗೆ ಸಾಲಿ ಬಿಟ್ಟಾಕಿ,
ಒತ್ತು ಎಲ್ಲಿ ಕೊಡಬೇಕೋ ತಿಳೀಲಿಲ್ಲ.

'ನೀಲವ' ಅಂತ ಆತು.
ಆಕಿ ಅಂತೂ
ಎದಿಗೆ ಹಚ್ಚಿಕೊಂಡು ಗೇಟಿನ ಕಡೆ ಹ್ವಾದಳು.